ಪತ್ರಿಕೆಯ ಹೊಸ ಮುಖ

ಕಳೆದ ವರ್ಷ ಒಂದು ಭಾನುವಾರ ಬೆಳಗ್ಗೆ ನಮ್ಮ ತಂದೆಯವರು ಜಗಲಿಯಿಂದ ಕೂಗಿ, "ಹುಡುಗ ಪಕ್ಕದ ಮನೆಯ ಪತ್ರಿಕೆಯನ್ನು ನಮ್ಮಲ್ಲಿ ಎಸೆದು ಹೋಗಿದ್ದಾನೆ, ಕೊಟ್ಟು ಬಾ" ಎಂದರು. ಹೋಗಿ ನೋಡಿದೆ. ಪತ್ರಿಕೆ ನಮ್ಮದೇ. ಬೆಳಗಾಗುವುದರೊಳಗೆ ಅದರ ಹಣೆಯ ಮೇಲಿನ ಹೆಸರು ಬೇರೊಂದು ಬರವಣಿಗೆಯನ್ನು ತಳೆದಿತ್ತು. ಒಳಗಿನ ಅಕ್ಷರವೂ ಬದಲಾಗಿತ್ತು. ಸಂಪಾದಕರು ಮೊದಲ ಪುಟದಲ್ಲಿ ಇದನ್ನು ಹೊಸತನವೆಂದು ಕರೆದು ಓದುಗರ ಹಾರೈಕೆಯನ್ನು ಬೇಡಿದ್ದರು. ತಂದೆಯವರು ನಿವೃತ್ತ ಕನ್ನಡ ಪಂಡಿತರು, ವಯಸ್ಸು 79. ಐವತ್ತು ವರ್ಷಗಳಿಂದ ಆ ಪತ್ರಿಕೆಯೊಡನೆ ಕಾಫಿ ಕುಡಿದವರು. "ಹೇಳದೆ ಕೇಳದೆ ಹೀಗೆ ಮಾಡಬಹುದೆ?" ಎಂದು ನನ್ನನ್ನೇ ಗದರಿಸಿಕೊಂಡರು. ನಾನು ನಕ್ಕುಬಿಟ್ಟೆ.

ನಗುವುದಕ್ಕೆ ಕಾರಣವಿತ್ತು. ಇಂತಹ ಸಿಟ್ಟು ನಮ್ಮ ಜಗಲಿಯಲ್ಲಿಯೇ ಮೊದಲು ಹುಟ್ಟಿದ್ದಲ್ಲ. 'ದಿ ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಹೆಸರಿನ ಕೊನೆಗೆ ಬಹುಕಾಲದಿಂದ ಒಂದು ಪೂರ್ಣವಿರಾಮವಿತ್ತು. 1967ರ ಫೆಬ್ರವರಿ 21ರ ಸಂಚಿಕೆಯಲ್ಲಿ ಹೆಸರಿನ ಅಕ್ಷರಗಳನ್ನು ತುಸು ತಿದ್ದಿ, ಆ ಬಿಂದುವನ್ನು ತೆಗೆದುಹಾಕಿದರು. ಹೆಸರೆಂಬುದು ವಾಕ್ಯವಲ್ಲ, ವ್ಯಾಕರಣದ ಪ್ರಕಾರ ಅದಕ್ಕೆ ವಿರಾಮಚಿಹ್ನೆಯೇ ಬೇಡ. ಆದರೂ ಓದುಗರು ಪ್ರತಿಭಟಿಸಿ ಪತ್ರ ಬರೆದರು. ಸೋಜಿಗವೆಂದರೆ, ಅಷ್ಟು ದಿನ ಆ ಬಿಂದುವನ್ನು ಅವರಲ್ಲಿ ಎಷ್ಟು ಮಂದಿ ಗಮನವಿಟ್ಟು ನೋಡಿದ್ದರೋ!

ತಂದೆಯವರನ್ನು ಸಮಾಧಾನಪಡಿಸಲು ನಮ್ಮದೇ ಒಂದು ಉದಾಹರಣೆಯನ್ನು ಹೇಳಿದೆ. ಮೋಗ್ಲಿಂಗ್ ಅವರು 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ'ವೇ ವರ್ಷ ತುಂಬುವ ಮೊದಲು, 1844ರಲ್ಲಿ, ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಗಲಿಲ್ಲವೆ? "ಅವರು ಊರು ಬಿಟ್ಟರು, ಹೆಸರು ಬದಲಾಯಿಸಿದರು. ಇವರಿಗೇನು ಬಂದಿತ್ತು?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಹತ್ತು ದಿನ ಕಳೆದಿರಬೇಕು. ಸಂಜೆ ಕಾಲೇಜಿನಿಂದ ಬಂದಾಗ ಪತ್ರಿಕೆ ಮೇಜಿನ ಮೇಲೆ ಹರಡಿತ್ತು. ಅದರ ತುಂಬ ಕೆಂಪು ಪೆನ್ಸಿಲಿನ ಗುರುತು. "ನೋಡು, ಒಂದೇ ಪುಟದಲ್ಲಿ ಹದಿನಾಲ್ಕು ತಪ್ಪು. ಪ್ರಸಿದ್ದ, ಶುದ್ದ, ಶ್ರದ್ದೆ! ಮಹಾಪ್ರಾಣವನ್ನೇ ಕೈಬಿಟ್ಟಿದ್ದಾರೆ." ನಾನು ಕನ್ನಡಕ ಹಾಕಿಕೊಂಡು, ದೀಪದ ಕೆಳಗೆ ಹಿಡಿದು ನೋಡಿದೆ. ಒಂದೂ ತಪ್ಪಿರಲಿಲ್ಲ. ಧಕಾರದ ಒತ್ತಿನ ಹೊಟ್ಟೆಯ ಸೀಳು ಅಲ್ಲಿಯೇ ಇತ್ತು, ಆದರೆ ಕೂದಲೆಳೆಯಷ್ಟು. ಅಂಕಣದಲ್ಲಿ ಹೆಚ್ಚು ಸಾಲು ಹಿಡಿಸಲೆಂದು ಸಾಲುಗಳನ್ನು ಒತ್ತರಿಸಿದ್ದರು. ಅದಕ್ಕಾಗಿ ಒತ್ತುಗಳು ಕುಗ್ಗಿದ್ದವು. ಜೀವಮಾನವೆಲ್ಲ ಮಕ್ಕಳ ಕಾಗುಣಿತವನ್ನು ತಿದ್ದಿದ ಮನುಷ್ಯರು ಇಲ್ಲದ ತಪ್ಪನ್ನು ತಿದ್ದುತ್ತ ಕುಳಿತಿದ್ದರು. ಆ ದಿನ ನನಗೆ ನಗು ಬರಲಿಲ್ಲ.

ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಯ ಕಥೆ ನನಗೆ ಆಗ ನೆನಪಾಯಿತು. ನಮ್ಮ ವಿದ್ಯಾರ್ಥಿಗಳು ಗಣಕದಲ್ಲಿ ಇಂಗ್ಲಿಷ್ ಬರೆಯಲು ಬಳಸುವ 'ಟೈಮ್ಸ್ ನ್ಯೂ ರೋಮನ್' ಆ ಪತ್ರಿಕೆಗಾಗಿಯೇ ಹುಟ್ಟಿದ ಅಕ್ಷರ. ಪತ್ರಿಕೆಯ ಅಚ್ಚು ಚೆನ್ನಾಗಿಲ್ಲವೆಂದು ಸ್ಟ್ಯಾನ್ಲಿ ಮಾರಿಸನ್ ಎಂಬ ಮುದ್ರಣಪಂಡಿತನು 1929ರಲ್ಲಿ ಆಕ್ಷೇಪಿಸಿದ. ಹಾಗಾದರೆ ನೀನೇ ಸರಿಪಡಿಸೆಂದರು. ಅವನ ಸೂಚನೆಯಂತೆ ಪತ್ರಿಕೆಯ ಜಾಹೀರಾತು ವಿಭಾಗದ ವಿಕ್ಟರ್ ಲಾರ್ಡೆಂಟ್ ಅಕ್ಷರಗಳನ್ನು ಬರೆದ. ಕಣ್ಣಿನ ವೈದ್ಯರೊಬ್ಬರ ಅಭಿಪ್ರಾಯವನ್ನೂ ಪಡೆದರು. 1932ರ ಅಕ್ಟೋಬರ್ 3ರಂದು ಪತ್ರಿಕೆ ಹೊಸ ಅಕ್ಷರದಲ್ಲಿ ಹೊರಬಂದಿತು. ಗಾಥಿಕ್ ಬರಹದಲ್ಲಿದ್ದ ಹೆಸರೂ ಸರಳವಾದ ರೋಮನ್ ಲಿಪಿಗೆ ಇಳಿದಿತ್ತು. ಗಾಥಿಕ್ ಹೋದದ್ದಕ್ಕೆ ಮರುಗಿದವರನ್ನು ನಾನು ಬಲ್ಲೆ; ನಮ್ಮ ಜಗಲಿಯಲ್ಲಿಯೇ ಒಬ್ಬರಿದ್ದಾರೆ. ಆದರೆ ಮಾರಿಸನ್ ಮಾಡಿದ ಮುಖ್ಯ ಕೆಲಸ ಬೇರೆ: ಅಂಕಣದಲ್ಲಿ ಹಿಡಿಸುವ ಪದಗಳು ಕಡಮೆಯಾಗದಂತೆ, ಅಕ್ಷರ ಮಾತ್ರ ಓದುವವನಿಗೆ ದೊಡ್ಡದಾಗಿ ಕಾಣುವಂತೆ ಮಾಡಿದ. ಮೇಲಕ್ಕೂ ಕೆಳಕ್ಕೂ ಚಾಚಿದ ಕಡ್ಡಿಗಳನ್ನು ಗಿಡ್ಡಮಾಡಿ ನಡುವಿನ ಮೈಯನ್ನು ಹಿಗ್ಗಿಸಿದ.

ಈ ಉಪಾಯ ಕನ್ನಡಕ್ಕೆ ಒಗ್ಗುವುದು ಕಷ್ಟ. ಇಂಗ್ಲಿಷಿನ ಪಿ ಅಕ್ಷರದ ಬಾಲವನ್ನು ಮೊಟಕುಮಾಡಿದರೂ ಅದು ಪಿ ಆಗಿಯೇ ಉಳಿಯುತ್ತದೆ. ನಮ್ಮಲ್ಲಿ ಸಾಲಿನ ಕೆಳಗೆ ಇಳಿಯುವುದು ಬಾಲವಲ್ಲ, ಇನ್ನೊಂದು ವ್ಯಂಜನ. ಅದರ ಕೆಳಗೆ ಮಹಾಪ್ರಾಣದ ಸೀಳಿಗೂ ಜಾಗ ಬೇಕು. ಮೊಳೆ ಜೋಡಿಸುತ್ತಿದ್ದ ಹಳೆಯ ಅಚ್ಚುಕೂಟದವರು ಇದನ್ನು ಬೆರಳಿನಿಂದಲೇ ಅರಿತಿದ್ದರು. ಅಂದವನ್ನು ಬಲ್ಲ ಇಂದಿನ ಕಲಾವಿದರು, ಹಣೆಯ ಹೆಸರನ್ನು ಬರೆಯುವುದಕ್ಕೆ ಪಡುವ ಶ್ರಮದಲ್ಲಿ ಕಾಲುಭಾಗವನ್ನು ಒತ್ತುಗಳಿಗೆ ಕೊಡಬಾರದೆ?

ಆ ರಾತ್ರಿ ತಂದೆಯವರು ಹೇಳಿದಂತೆ ಸಂಪಾದಕರಿಗೆ ಪತ್ರ ಬರೆದೆ. ಹೆಸರಿನ ವಿಷಯವನ್ನೇ ಅವರು ಮೊದಲು ಇಟ್ಟಿದ್ದರು. "ಅಪ್ಪಾ, ಅದನ್ನು ಓದಿದರೆ ಅವರೂ ನನ್ನಂತೆ ನಗುತ್ತಾರೆ, ಒತ್ತಿನ ಮಾತಷ್ಟೇ ಇರಲಿ" ಎಂದೆ. ಬಹಳ ಹೊತ್ತು ಯೋಚಿಸಿ, "ಹೊಡೆದುಹಾಕು" ಎಂದರು. ಉತ್ತರ ಬರಲಿಲ್ಲ.

ಈಗ ಹೊಸ ಹೆಸರಿಗೆ ಅವರು ಒಗ್ಗಿಹೋಗಿದ್ದಾರೆ. ಮೊನ್ನೆ ಬಟ್ಟೆಯ ಪೆಟ್ಟಿಗೆಯ ತಳದಲ್ಲಿ ಹಾಸಿದ್ದ ಹಳೆಯ ಸಂಚಿಕೆಯನ್ನು ತೋರಿಸಿದರೆ, "ಇದ್ಯಾವ ಪತ್ರಿಕೆಯೋ?" ಎಂದರು, ಆಮೇಲೆ ಭೂತಗನ್ನಡಿಯನ್ನು ಬದಿಗಿಟ್ಟು ಅದನ್ನೇ ಕೊನೆಯ ಸಾಲಿನವರೆಗೆ ಓದಿದರು.