ಕತೆ ಕತ್ತೆಯಾಗದಿರಲಿ: ಮಕ್ಕಳ ಟ್ಯಾಬ್ ಮತ್ತು ಪರದೆಯ ವೇಗ

ಧರೂರು ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ ಬೀಜದ ಹತ್ತಿಯ ಲೆಕ್ಕ ಚುಕ್ತಾ ಆಗುವ ದಿನಗಳಲ್ಲಿ ಮನೆಯ ದೊಡ್ಡ ಖರ್ಚುಗಳು ತೀರ್ಮಾನವಾಗುತ್ತವೆ. ಸಾಲದ ಕಂತು, ಮುಂದಿನ ಬೆಳೆಯ ಗೊಬ್ಬರ, ಮದುವೆ ಮುಂಜಿಗಳ ಪಟ್ಟಿಗೆ ಈಚಿನ ವರ್ಷಗಳಲ್ಲಿ ಹೊಸದೊಂದು ಬಾಬತ್ತು ಸೇರಿಕೊಂಡಿದೆ: ಓದುವ ಮಗುವಿಗೆ ಒಂದು ಟ್ಯಾಬ್. ಗದ್ವಾಲದಲ್ಲೋ ರಾಯಚೂರಿನಲ್ಲೋ ಅಂಗಡಿಯ ಮುಂದೆ ನಿಂತ ತಂದೆಗೆ ಎರಡು ಟ್ಯಾಬ್‌ಗಳನ್ನು ತೋರಿಸಲಾಗುತ್ತದೆ. "ಅಣ್ಣಾ, ಇದು 60 ಹರ್ಟ್ಜ್, ಅದು 120 ಹರ್ಟ್ಜ್. ಬೆಲೆ ಸ್ವಲ್ಪ ಜಾಸ್ತಿ, ಆದರೆ ಮಕ್ಕಳ ಕಣ್ಣಿಗೆ ಒಳ್ಳೆಯದು" ಎಂಬ ಮಾತು ಬರುತ್ತದೆ. ಮಗುವಿನ ಕಣ್ಣಿನ ಮಾತು ಬಂದ ಮೇಲೆ ಯಾವ ತಂದೆ ತಾನೇ ಇಲ್ಲವೆಂದಾನು? ಕೆಲವು ಸಾವಿರ ರೂಪಾಯಿಗಳು ಆ ಒಂದು ಸಂಖ್ಯೆಯ ಮೇಲೆ ಖರ್ಚಾಗುತ್ತವೆ. ಆ ಸಂಖ್ಯೆಯ ಅರ್ಥವೇನು, ಕನ್ನಡ ಮಾಧ್ಯಮದ ಮಗುವಿಗೆ ಅದರಿಂದ ಆಗುವ ಪ್ರಯೋಜನವೇನು ಎಂಬುದನ್ನು ಹಣ ಕೊಡುವ ಮೊದಲೇ ತಿಳಿದುಕೊಳ್ಳುವುದು ಮೇಲು.

ಈ ನೆಲಕ್ಕೆ ಈ ಪ್ರಶ್ನೆ ಬೇರೆಡೆಗಿಂತ ಹೆಚ್ಚು ಹತ್ತಿರದ್ದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. ಗಡಿ ಸರಿದ ಮೇಲೂ ಮಾತು ಸರಿಯಲಿಲ್ಲ. ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದಲ್ಲಿ ಇಂದಿಗೂ ಕನ್ನಡ ಶಾಲೆಗಳಿವೆ. ಆದರೆ ಪಠ್ಯಪುಸ್ತಕದ ಆಚೆಗೆ ಒಂದು ಕನ್ನಡ ಕತೆಪುಸ್ತಕ ಬೇಕೆಂದರೆ ಗಡಿ ದಾಟಬೇಕಾಗುತ್ತದೆ. ಅಂಥ ಮನೆಗಳಿಗೆ ಪರದೆಯೇ ಪುಸ್ತಕದಂಗಡಿ. 2015ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯ 'ಸ್ಟೋರಿವೀವರ್' ತಾಣದಲ್ಲಿ ಕನ್ನಡದ ಮಕ್ಕಳ ಕತೆಗಳು ಉಚಿತವಾಗಿ ದೊರೆಯುತ್ತವೆ. ಕೇಂದ್ರ ಸರ್ಕಾರದ 'ದೀಕ್ಷಾ' ವೇದಿಕೆಯಲ್ಲಿ ಪಾಠಗಳಿವೆ. ಕರ್ನಾಟಕದ ಪಠ್ಯಪುಸ್ತಕಗಳು ಪಿಡಿಎಫ್ ರೂಪದಲ್ಲಿ ಸಿಗುತ್ತವೆ. ಇವನ್ನೆಲ್ಲ ಮಗು ಓದುವುದು ಬೆರಳಿನಿಂದ ಪುಟವನ್ನು ಮೇಲೆ ಕೆಳಗೆ ಸರಿಸುತ್ತ. ಪರದೆಯ ವೇಗದ ಪ್ರಶ್ನೆ ಹುಟ್ಟುವುದು ಆ ಸರಿಸುವಿಕೆಯಲ್ಲಿಯೇ.

ಪರದೆಯ ಮೇಲೆ ಚಲಿಸುವಂತೆ ಕಾಣುವುದು ವಾಸ್ತವದಲ್ಲಿ ಚಲಿಸುವುದಿಲ್ಲ. ನಿಶ್ಚಲ ಚಿತ್ರಗಳು ಒಂದರ ಹಿಂದೊಂದು ಮೂಡುತ್ತವೆ. ಮನಸ್ಸು ಅವನ್ನು ಕೂಡಿಸಿಕೊಳ್ಳುತ್ತದೆ. ಒಂದು ಸೆಕೆಂಡಿನಲ್ಲಿ ಪರದೆಯು ಎಷ್ಟು ಬಾರಿ ಹೊಸದಾಗಿ ಚಿತ್ರ ಬರೆಯಬಲ್ಲದು ಎಂಬ ಎಣಿಕೆಯೇ ರಿಫ್ರೆಶ್ ರೇಟ್. ಅದನ್ನು ಅಳೆಯುವ ಮಾನ ಹರ್ಟ್ಜ್. ಗದ್ವಾಲದ ಮಗ್ಗ ಬಲ್ಲವರಿಗೆ ಇದು ಹೊಸ ವಿಚಾರವಲ್ಲ. ಒಂದು ಅಂಗುಲದಲ್ಲಿ ಹೊಕ್ಕಿನ ಎಳೆಗಳು ಹೆಚ್ಚಿದಷ್ಟೂ ಬಟ್ಟೆ ಒತ್ತಾಗಿ, ನುಣುಪಾಗಿ ಕಾಣುತ್ತದೆ. ಪರದೆಯ ಮಟ್ಟಿಗೆ ಅಂಗುಲದ ಬದಲು ಸೆಕೆಂಡು, ಎಳೆಯ ಬದಲು ಚಿತ್ರ. 60 ಹರ್ಟ್ಜ್ ಪರದೆಯಲ್ಲಿ ಒಂದೊಂದು ಚಿತ್ರವೂ ಸುಮಾರು 16.7 ಮಿಲಿಸೆಕೆಂಡು ನಿಲ್ಲುತ್ತದೆ. 90 ಹರ್ಟ್ಜ್‌ನಲ್ಲಿ 11.1, 120 ಹರ್ಟ್ಜ್‌ನಲ್ಲಿ 8.3.

ಇಷ್ಟು ಸಣ್ಣ ಅಂತರ ಕಣ್ಣಿಗೆ ತಿಳಿಯುವುದೇ ಎಂಬ ಸಂದೇಹ ಸಹಜ. ತಿಳಿಯುತ್ತದೆ, ಅದನ್ನು ಲೆಕ್ಕ ಹಾಕಿಯೇ ನೋಡಬಹುದು. ಮಗು ಪುಟವನ್ನು ಸೆಕೆಂಡಿಗೆ 10 ಸೆಂಟಿಮೀಟರ್ ವೇಗದಲ್ಲಿ ಮೇಲಕ್ಕೆ ಸರಿಸುತ್ತಿದೆ ಎಂದುಕೊಳ್ಳೋಣ. 60 ಹರ್ಟ್ಜ್ ಪರದೆಯಲ್ಲಿ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಸಾಲು ಸುಮಾರು 1.7 ಮಿಲಿಮೀಟರ್ ಜಿಗಿಯುತ್ತದೆ. ಕಣ್ಣು ಸಾಲನ್ನು ಹಿಂಬಾಲಿಸುತ್ತ ನಿರಂತರವಾಗಿ ಚಲಿಸುತ್ತಿರುತ್ತದೆ, ಚಿತ್ರವಾದರೋ ಅಷ್ಟು ಹೊತ್ತು ಇದ್ದಲ್ಲೇ ನಿಂತಿರುತ್ತದೆ. ಈ ಹೊಂದಾಣಿಕೆಯಿಲ್ಲದ ಕಾರಣ ಅಕ್ಷರ ಸುಮಾರು ಅಷ್ಟೇ ಅಳತೆಗೆ ಮಸುಕಾಗಿ ಕಾಣುತ್ತದೆ. 120 ಹರ್ಟ್ಜ್‌ನಲ್ಲಿ ಈ ಮಸುಕು 0.8 ಮಿಲಿಮೀಟರ್‌ಗೆ ಇಳಿಯುತ್ತದೆ.

ಕನ್ನಡ ಲಿಪಿಗೆ ಇದರ ಮಹತ್ವ ಇಂಗ್ಲಿಷಿಗಿಂತ ಹೆಚ್ಚೆನ್ನಬಹುದು. ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕ ಒಂದು ಸಾಲಾಗಿ ನಿಲ್ಲುತ್ತವೆ. ಕನ್ನಡ ಅಕ್ಷರಕ್ಕೆ ಮೇಲೆ ತಲಕಟ್ಟು, ಗುಡಿಸು, ಕೆಳಗೆ ಒತ್ತು. 'ಕತೆ'ಗೂ 'ಕತ್ತೆ'ಗೂ, 'ಹಳಿ'ಗೂ 'ಹಳ್ಳಿ'ಗೂ, 'ಎಣೆ'ಗೂ 'ಎಣ್ಣೆ'ಗೂ ಇರುವ ಭೇದವೆಲ್ಲ ಸಾಲಿನ ಕೆಳಗೆ ಇಳಿದ ಒಂದು ಪುಟ್ಟ ಗುರುತಿನಲ್ಲಿದೆ. ಹತ್ತು ಅಂಗುಲದ ಟ್ಯಾಬ್‌ನಲ್ಲಿ ಪಾಠದ ಪುಟವನ್ನು ಪೂರ್ತಿಯಾಗಿ ತೆರೆದರೆ ಆ ಒತ್ತಿನ ಎತ್ತರ ಎರಡು ಮಿಲಿಮೀಟರ್ ದಾಟುವುದು ಅಪರೂಪ. ಪುಟ ಸರಿಯುವುದೂ ಮೇಲೆ ಕೆಳಗೆ, ಮಸುಕಾಗುವುದೂ ಮೇಲೆ ಕೆಳಗೆ. ಆದ್ದರಿಂದ 60 ಹರ್ಟ್ಜ್‌ನಲ್ಲಿ ಪುಟ ಓಡುವಾಗ ಮೊದಲು ಕರಗುವುದು ಒತ್ತಕ್ಷರ. ತೆಲುಗಿನ ಒತ್ತುಗಳಿಗೂ ಈ ಮಾತು ಸಲ್ಲುತ್ತದೆ. ಇಲ್ಲಿನ ಮಕ್ಕಳು ಎರಡನ್ನೂ ಓದುವವರು. ವೇಗದ ಪರದೆಯಲ್ಲಿ ಪುಟ ಸರಿಯುತ್ತಿರುವಾಗಲೇ ಪಾಠದ ಹೆಸರು, ಪ್ರಶ್ನೆಯ ಸಂಖ್ಯೆ, ಬಿಟ್ಟಿದ್ದ ಸಾಲು ಕಣ್ಣಿಗೆ ಸಿಗುತ್ತವೆ. ನೂರು ಪುಟಗಳ ಪಿಡಿಎಫ್‌ನಲ್ಲಿ ಅಭ್ಯಾಸದ ಪ್ರಶ್ನೆಗೂ ಪದ್ಯಕ್ಕೂ ನಡುವೆ ಓಡಾಡುವ ಮಗುವಿಗೆ ಇದು ನಿಜವಾದ ಅನುಕೂಲ.

ಎರಡನೆಯ ಪ್ರಯೋಜನ ಬರವಣಿಗೆಯಲ್ಲಿದೆ. ಸ್ಟೈಲಸ್ ಎಂಬ ಪೆನ್ನಿನಿಂದ ಪರದೆಯ ಮೇಲೆ ಬರೆಯುವಾಗ ಗೆರೆಯು ಪೆನ್ನಿನ ತುದಿಗಿಂತ ತುಸು ಹಿಂದೆಯೇ ಬರುತ್ತಿರುತ್ತದೆ. ಸ್ಪರ್ಶವನ್ನು ಗುರುತಿಸಿ, ಲೆಕ್ಕ ಮಾಡಿ, ಮುಂದಿನ ಚಿತ್ರದಲ್ಲಿ ಗೆರೆ ಮೂಡಿಸುವವರೆಗಿನ ವಿಳಂಬವೇ ಅದಕ್ಕೆ ಕಾರಣ. ವಿಳಂಬ 40 ಮಿಲಿಸೆಕೆಂಡು ಇದ್ದು, ಕೈ ಸೆಕೆಂಡಿಗೆ 10 ಸೆಂಟಿಮೀಟರ್ ಓಡಿದರೆ ಗೆರೆ 4 ಮಿಲಿಮೀಟರ್ ಹಿಂದೆ ಬೀಳುತ್ತದೆ. 'ಅ', 'ಠ', 'ಐ'ಗಳ ಸುತ್ತನ್ನು ಕಲಿಯುವ ಮಗುವಿಗೆ ಸುತ್ತು ಎಲ್ಲಿ ಮುಗಿಯಿತೆಂಬುದೇ ತಿಳಿಯದಂತಾಗುತ್ತದೆ. 2017ರಲ್ಲಿ ಆಪಲ್ ಸಂಸ್ಥೆಯು ಐಪ್ಯಾಡ್ ಪ್ರೊಗೆ 120 ಹರ್ಟ್ಜ್ ಪರದೆಯನ್ನು ತಂದಾಗ ಪೆನ್ಸಿಲಿನ ವಿಳಂಬ 20 ಮಿಲಿಸೆಕೆಂಡಿಗೆ ಇಳಿದಿದೆಯೆಂದು ಹೇಳಿಕೊಂಡಿತು. 2019ರಲ್ಲಿ ತಂತ್ರಾಂಶದ ಸುಧಾರಣೆಯಿಂದ ಅದು 9ಕ್ಕೆ ಇಳಿಯಿತೆಂದಿತು. ಆದರೆ ಸಂಗತಿಯ ಇನ್ನೊಂದು ಮುಖವನ್ನೂ ಮರೆಯಬಾರದು: ಸ್ಲೇಟು ಬಳಪದಲ್ಲಿ ವಿಳಂಬವೆಂಬುದೇ ಇಲ್ಲ. ಅಕ್ಷರ ತಿದ್ದುವ ವಯಸ್ಸಿನ ಮಗುವಿಗೆ ಅವೇ ಸಾಕು. ಸ್ಟೈಲಸ್ಸಿನ ಉಪಯೋಗ ರೇಖಾಗಣಿತದ ಚಿತ್ರ, ನಕ್ಷೆ, ಪಿಡಿಎಫ್ ಮೇಲಿನ ಟಿಪ್ಪಣಿ ಇವುಗಳ ಅಗತ್ಯವಿರುವ ಮೇಲಿನ ತರಗತಿಗಳಲ್ಲಿ.

ಪ್ರಯೋಜನಗಳಿಗೆ ಮಿತಿಯೂ ಇದೆ. ಬೆರಳು ಎತ್ತಿ ಪುಟ ನಿಂತ ಕ್ಷಣದಿಂದ 60ಕ್ಕೂ 120ಕ್ಕೂ ಓದಿನಲ್ಲಿ ಯಾವ ವ್ಯತ್ಯಾಸವೂ ಉಳಿಯುವುದಿಲ್ಲ. ಆಗ ಬೇಕಾದದ್ದು ಅಕ್ಷರದ ಸ್ಪಷ್ಟತೆ, ಅಂದರೆ ಪರದೆಯ ರೆಸಲ್ಯೂಶನ್. ಪಾಠದ ವಿಡಿಯೊಗಳು ಸಾಮಾನ್ಯವಾಗಿ ಸೆಕೆಂಡಿಗೆ 25 ಅಥವಾ 30 ಚಿತ್ರಗಳಲ್ಲಿ ತಯಾರಾಗಿರುತ್ತವೆ. ಇಲ್ಲದ ಚಿತ್ರವನ್ನು ಪರದೆ ಎಲ್ಲಿಂದ ತಂದೀತು? ಸಿನಿಮಾದ ಮಟ್ಟಿಗೆ ಒಂದು ಸಣ್ಣ ಲಾಭವುಂಟು. ಸೆಕೆಂಡಿಗೆ 24 ಚಿತ್ರಗಳ ಸಿನಿಮಾ 120ರಲ್ಲಿ ಸರಿಯಾಗಿ ಐದೈದರಂತೆ ಹಂಚಿಹೋಗುತ್ತದೆ. 60ರಲ್ಲಿ ಒಂದು ಚಿತ್ರಕ್ಕೆ ಎರಡು, ಮುಂದಿನದಕ್ಕೆ ಮೂರು ಪಾಳಿ ಬಂದು ನಡಿಗೆ ತುಸು ಎಡವುತ್ತದೆ. ಇಂಟರ್‌ನೆಟ್ ನಿಧಾನವಿದ್ದು ವಿಡಿಯೊ ನಿಂತು ನಿಂತು ಬರುವ ಊರಿನಲ್ಲಿ ಇದಾವುದೂ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಅಂಗಡಿಯವರ 'ಕಣ್ಣಿಗೆ ಒಳ್ಳೆಯದು' ಎಂಬ ಮಾತು. ಅದು ಹಳೆಯ ಕಾಲದ ಸತ್ಯ. ಗಾಜಿನ ಕೊಳವೆಯ ಹಳೆಯ ಕಂಪ್ಯೂಟರ್ ಪರದೆಗಳು ಪ್ರತಿ ಚಿತ್ರದ ನಡುವೆ ಮಂಕಾಗುತ್ತಿದ್ದುದರಿಂದ 60 ಹರ್ಟ್ಜ್‌ನಲ್ಲಿ ಮಿಣುಕುತ್ತಿದ್ದವು. 75 ಅಥವಾ 85ಕ್ಕೆ ಏರಿಸಿದರೆ ಕಣ್ಣಿಗೆ ಹಿತವಾಗುತ್ತಿತ್ತು. ಇಂದಿನ ಎಲ್‌ಸಿಡಿ ಪರದೆ ಚಿತ್ರಗಳ ನಡುವೆ ಆರುವುದಿಲ್ಲ. ಈಗಿನ ಕೆಲವು ಪರದೆಗಳು ಬೆಳಕು ತಗ್ಗಿಸಿದಾಗ ಮಿಣುಕುವುದುಂಟು. ಅದು ಬೆಳಕನ್ನು ನಿಯಂತ್ರಿಸುವ ವಿಧಾನಕ್ಕೆ ಸೇರಿದ್ದು, ರಿಫ್ರೆಶ್ ರೇಟಿಗಲ್ಲ. ಮಕ್ಕಳ ಕಣ್ಣು ದಣಿಯುವುದು ಮುಖ್ಯವಾಗಿ ಎವೆಯಿಕ್ಕದೆ, ಹತ್ತಿರದಿಂದ, ಬಹಳ ಹೊತ್ತು ನೋಡುವುದರಿಂದ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂಬ ವೈದ್ಯರ ಸಲಹೆಗೆ ಯಾವ ಹರ್ಟ್ಜ್ ಕೂಡ ಬದಲಿಯಲ್ಲ. ಕೇಂದ್ರ ಶಿಕ್ಷಣ ಇಲಾಖೆ 2020ರ ಜುಲೈಯಲ್ಲಿ ಹೊರಡಿಸಿದ 'ಪ್ರಜ್ಞಾತಾ' ಮಾರ್ಗಸೂಚಿಯು 1ರಿಂದ 8ನೇ ತರಗತಿಯವರಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಆನ್‌ಲೈನ್ ಪಾಠಗಳನ್ನು ಮೀರಬಾರದೆಂದು ಹೇಳಿತ್ತು. ನುಣುಪಾಗಿ ಸರಿಯುವ ಪರದೆ ಮಗುವನ್ನು ಇನ್ನಷ್ಟು ಹೊತ್ತು ಹಿಡಿದಿಡಬಲ್ಲದು ಎಂಬ ಎಚ್ಚರವೂ ಹಿರಿಯರಿಗಿರಬೇಕು.

ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಓದುವ ಕ್ರಮವೂ ಒಂದುಂಟು. ಕೆಲವೊಮ್ಮೆ ದಪ್ಪಕ್ಷರದಲ್ಲಿ '240 ಹರ್ಟ್ಜ್' ಎಂದಿರುತ್ತದೆ. ಅದು ಬೆರಳಿನ ಸ್ಪರ್ಶವನ್ನು ಸೆಕೆಂಡಿಗೆ ಎಷ್ಟು ಬಾರಿ ಗಮನಿಸಲಾಗುವುದೆಂಬ ಎಣಿಕೆಯಿರಬಹುದು, ಪರದೆಯ ವೇಗವಲ್ಲ. '120ರವರೆಗೆ' ಎಂದಿದ್ದರೆ ಎಲ್ಲ ವೇಳೆಯೂ 120 ಎಂದು ಅರ್ಥವಲ್ಲ. ಅನೇಕ ಟ್ಯಾಬ್‌ಗಳು ಬ್ಯಾಟರಿ ಉಳಿಸುವ ಸಲುವಾಗಿ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ವೇಗ ಹೆಚ್ಚಿದಷ್ಟೂ ವಿದ್ಯುತ್ತಿನ ಖರ್ಚು ಹೆಚ್ಚು. ಒಂದೇ ಹೆಸರಿನ ಸರಣಿಯಲ್ಲೂ ಭೇದವಿರುತ್ತದೆ: ಸ್ಯಾಮ್‌ಸಂಗ್‌ನ ಟ್ಯಾಬ್ ಎ9ರ ಪರದೆ 60 ಹರ್ಟ್ಜ್, ಎ9 ಪ್ಲಸ್‌ನದು 90. 2022ರ ರೆಡ್ಮಿ ಪ್ಯಾಡ್ 90, 2023ರ ಶಿಯೋಮಿ ಪ್ಯಾಡ್ 6 144. ಬೆಲೆ ಹೆಚ್ಚೆಂದ ಮಾತ್ರಕ್ಕೆ ವೇಗ ಹೆಚ್ಚೆಂದೂ ಅಲ್ಲ. ಆಪಲ್‌ನ ಹತ್ತನೆಯ ಪೀಳಿಗೆಯ ಸಾಮಾನ್ಯ ಐಪ್ಯಾಡ್ 60 ಹರ್ಟ್ಜ್‌ನದೇ.

ಗದ್ವಾಲ ಸೀರೆ ಕೊಳ್ಳುವವರು ರೇಷ್ಮೆಯ ಅಂಚು ಸೆರಗುಗಳನ್ನು ನೋಡಿ ಮೆಚ್ಚಿದರೂ ಹತ್ತಿಯ ಒಡಲನ್ನು ಮುಟ್ಟಿ ನೋಡದೆ ಹಣ ಕೊಡುವುದಿಲ್ಲ. ಟ್ಯಾಬ್‌ನ ಒಡಲೆಂದರೆ ಪರದೆಯ ಅಳತೆ ಮತ್ತು ಸ್ಪಷ್ಟತೆ, ಪ್ರೊಸೆಸರ್, ಮೆಮೊರಿ, ಬ್ಯಾಟರಿ. ಪ್ರೊಸೆಸರ್ ದುರ್ಬಲವಾಗಿದ್ದರೆ ಪರದೆ 120 ಚಿತ್ರಗಳಿಗೆ ಸಿದ್ಧವಿದ್ದರೂ ಒಳಗಿನಿಂದ 40 ಚಿತ್ರಗಳು ಮಾತ್ರ ಬಂದು ಪುಟ ಕುಂಟುತ್ತದೆ. ಶಾಲೆಯ ಓದಿಗೆ ಹತ್ತು ಅಂಗುಲಕ್ಕೆ ಕಡಿಮೆಯಿಲ್ಲದ, ಅಕ್ಷರ ಸ್ಪಷ್ಟವಿರುವ ಪರದೆ ಮೊದಲಿರಲಿ. ಅದರೊಂದಿಗೆ 90 ಹರ್ಟ್ಜ್ ದೊರೆತರೆ ಬಹುಪಾಲು ಮನೆಗಳಿಗೆ ಸಾಕು. 60ರಿಂದ 90ಕ್ಕೆ ಏರಿದರೆ ಪ್ರತಿ ಚಿತ್ರಕ್ಕೆ 5.6 ಮಿಲಿಸೆಕೆಂಡು ಉಳಿಯುತ್ತದೆ. 120ರಿಂದ 144ಕ್ಕೆ ಏರಿದರೆ ಉಳಿಯುವುದು 1.4 ಮಾತ್ರ. ಮೇಲೇರಿದಂತೆ ಲಾಭ ಸಣ್ಣದಾಗುತ್ತ ಹೋಗುತ್ತದೆ.

ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಬಹುದು. ಮಗುವಿನ ಕನ್ನಡ ಪಾಠದ ಪಿಡಿಎಫ್ ಒಂದನ್ನು ಫೋನಿನಲ್ಲಿ ಕೊಂಡೊಯ್ದು ಟ್ಯಾಬ್‌ನಲ್ಲಿ ತೆರೆಯಿಸಬೇಕು. ಸೆಟ್ಟಿಂಗ್‌ನ ಡಿಸ್‌ಪ್ಲೇ ವಿಭಾಗದಲ್ಲಿ ವೇಗವನ್ನು ಒಮ್ಮೆ 60ಕ್ಕೂ ಒಮ್ಮೆ ಹೆಚ್ಚಿನದಕ್ಕೂ ಇರಿಸಿ, ಪುಟವನ್ನು ನಿಧಾನವಾಗಿ ಸರಿಸುತ್ತ ಒತ್ತಕ್ಷರಗಳನ್ನು ಓದಲು ಮಗುವಿಗೇ ಹೇಳಬೇಕು. ವ್ಯತ್ಯಾಸ ಮಗುವಿಗೆ ಕಾಣದಿದ್ದರೆ ಆ ಹಣವನ್ನು ಮೆಮೊರಿಗೋ ಪುಸ್ತಕಕ್ಕೋ ಕೊಡಬಹುದು.

ಹೇಳಿದ್ದೊಂದು, ಕೊಟ್ಟದ್ದೊಂದು ಆದರೆ ಕಾನೂನು ಗ್ರಾಹಕನ ಪರವಾಗಿದೆ. 2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಸರಕಿನ ಗುಣವನ್ನು ತಪ್ಪಾಗಿ ವರ್ಣಿಸುವುದು ದಾರಿತಪ್ಪಿಸುವ ಜಾಹೀರಾತು. 2022ರ ಮಾರ್ಗಸೂಚಿಯಂತೆ, ಹೇಳಿಕೆ ಯಾವ ಭಾಷೆಯಲ್ಲಿದೆಯೋ ಅದಕ್ಕೆ ಅಂಟಿಸಿದ ಷರತ್ತಿನ ಟಿಪ್ಪಣಿಯೂ ಅದೇ ಭಾಷೆಯಲ್ಲಿರತಕ್ಕದ್ದು. ಬಿಲ್ಲು, ಪೆಟ್ಟಿಗೆ, ಜಾಹೀರಾತಿನ ಚಿತ್ರ ಈ ಮೂರನ್ನು ಜೋಪಾನವಾಗಿಟ್ಟರೆ ಅರ್ಧ ಸಾಕ್ಷ್ಯ ಕೈಯಲ್ಲಿದ್ದಂತೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಸರಕನ್ನು ಹೈದರಾಬಾದಿನಲ್ಲಿ ಕೊಂಡಿರಲಿ, ಆನ್‌ಲೈನ್‌ನಲ್ಲಿ ತರಿಸಿರಲಿ, ಗ್ರಾಹಕನು ತಾನು ವಾಸಿಸುವ ಕಡೆಯ ಆಯೋಗದಲ್ಲೇ ದೂರು ದಾಖಲಿಸಲು ಕಾಯ್ದೆ ಅವಕಾಶ ನೀಡಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ.

ಟ್ಯಾಬ್ ಮನೆಗೆ ಬಂದ ಸಂಜೆ ಮೊದಲು ತೆರೆಯಬೇಕಾದದ್ದು ಕನ್ನಡದ ಒಂದು ಕತೆ. ಮಗು ಪುಟ ಸರಿಸಲಿ, ಬೇಕಾದ ಸಾಲು ಸಿಕ್ಕಾಗ ನಿಲ್ಲಿಸಲಿ, ಗಟ್ಟಿಯಾಗಿ ಓದಲಿ; ಅಜ್ಜಿಯೋ ತಾತನೋ ಪಕ್ಕದಲ್ಲಿ ಕುಳಿತು ಕೇಳಲಿ. ಓದುವಾಗ ಒತ್ತು ತಪ್ಪಿದರೆ ತಿದ್ದುವವರು ಆ ಹಿರಿಯರೇ. ಆ ಕೆಲಸವನ್ನು ಯಾವ ಪರದೆಯೂ ಮಾಡದು.