ಬಿರುಗಾಳಿಯಿಂದ ಕೆಟ್ಟ ಬೈಸಿಕಲ್ ದಾರಿಯೂ ಗ್ರಾಮಸ್ಥರ ಜೀವನವೂ

ಅಮೆರಿಕಾದ ವರ್ಜೀನಿಯಾ ಸಂಸ್ಥಾನದಲ್ಲಿ ಅಬಿಂಗ್ಡನ್ ಪಟ್ಟಣದಿಂದ ಡಮಾಸ್ಕಸ್ ಎಂಬ ಸಣ್ಣ ಊರಿನ ಮೂಲಕ ವೈಟ್‌ಟಾಪ್ ಬೆಟ್ಟದವರೆಗೆ ಸುಮಾರು 34 ಮೈಲಿ ಉದ್ದದ ‘ವರ್ಜೀನಿಯಾ ಕ್ರೀಪರ್’ ಎಂಬ ಬೈಸಿಕಲ್ ದಾರಿಯುಂಟು. 1977ರಲ್ಲಿ ರೈಲು ನಿಂತ ಬಳಿಕ ಅದರ ಹಾದಿಯನ್ನೇ ಇದಕ್ಕಾಗಿ ಅಣಿಮಾಡಿದರು. ಪ್ರವಾಸಿಗಳನ್ನು ವಾಹನದಲ್ಲಿ ಬೆಟ್ಟಕ್ಕೆ ಕರೆದೊಯ್ಯುವುದು, ಬೈಸಿಕಲ್ ಬಾಡಿಗೆ, ಊಟ, ವಸತಿ ಇವು ಡಮಾಸ್ಕಸ್ಸಿನ ಅನೇಕರಿಗೆ ಜೀವನೋಪಾಯವಾದುವು.

2024ನೆಯ ಸೆಪ್ಟೆಂಬರ್ 27ರಂದು ಹೆಲೀನ್ ಚಂಡಮಾರುತದ ಮಳೆಯಿಂದ ಹಳ್ಳಗಳು ಉಕ್ಕಿ, ಡಮಾಸ್ಕಸ್ಸಿನಿಂದ ಮೇಲಣ ಅರ್ಧ ದಾರಿಯು ಹಾಳಾಯಿತು. ಅನೇಕ ಸೇತುವೆಗಳು ಕೊಚ್ಚಿಹೋದುವು. ಈ ಭಾಗವು ಕಣಿವೆಯಲ್ಲಿ ಹಳ್ಳದ ಅಂಚನ್ನೇ ಹಿಡಿದು, ಅದನ್ನು ಪದೇ ಪದೇ ದಾಟುತ್ತದೆ. ಇಂತಹ ಸ್ಥಳದಲ್ಲಿ ತೇಲಿಬಂದ ಮರಗಳು ಸೇತುವೆಯ ಕಂಬಗಳಿಗೆ ಅಡ್ಡನಿಂತರೆ ನೀರು ಪಕ್ಕಕ್ಕೆ ತಿರುಗಿ ದಂಡೆಯ ಮಣ್ಣನ್ನು ಕೊರೆಯುವುದು.

ಅದೇ ಡಿಸೆಂಬರಿನಲ್ಲಿ ಆ ದೇಶದ ಶಾಸನಸಭೆಯು ವಿಪತ್ಪರಿಹಾರಕ್ಕೆ ಹಣವನ್ನು ಮಂಜೂರು ಮಾಡಿತು. ಆದರೆ ಸೇತುವೆಗಳನ್ನು ಕಟ್ಟಲು ವರ್ಷಗಳು ಬೇಕು. ಅಂಗಡಿಯ ಬಾಡಿಗೆಯಾದರೋ ತಿಂಗಳು ತಿಂಗಳೂ ಬರುವುದು. ಅಬಿಂಗ್ಡನ್ ಕಡೆಯ ಕೆಳಭಾಗವು ಸಂಚಾರಯೋಗ್ಯವಾಗಿ ಉಳಿದುದರಿಂದ, ಅಲ್ಲಿಗೆ ಬಂದು ಡಮಾಸ್ಕಸ್ಸಿನಲ್ಲಿ ತಂಗುವ ಪ್ರವಾಸಿಯೂ ಊರಿಗೆ ಸಹಾಯ ಮಾಡಿದಂತಾಗುವುದು.

ಫಸಲು ಕಳೆದುಕೊಂಡ ರೈತನಿಗೆ ಮುಂದಿನ ಸುಗ್ಗಿಯವರೆಗೆ ಆಧಾರ ಬೇಕು. ಹಾಗೆಯೇ ದಾರಿ ಕೆಟ್ಟಾಗ ಮಣ್ಣು ಮರಗಳ ಲೆಕ್ಕದೊಡನೆ, ಅದನ್ನು ನಂಬಿದ ಕುಟುಂಬಗಳ ವರಮಾನದ ಲೆಕ್ಕವನ್ನೂ ಹಿಡಿಯತಕ್ಕದ್ದು.