ಹ್ಯಾಕ್ನಿಯ ಕ್ಯಾಸೆಟ್ಟುಗಳು

ಐವತ್ತು ದಾಟಿದ ಜನ. ಒಬ್ಬ ಲಂಡನ್ನಿನಲ್ಲಿ ಬಸ್ಸು ಓಡಿಸುತ್ತಾನೆ, ಒಬ್ಬಳು ಪ್ರೈಮರಿ ಶಾಲೆಯ ಟೀಚರು, ಇನ್ನೊಬ್ಬ ಎಲೆಕ್ಟ್ರಿಷಿಯನ್. ರಜೆಯ ದಿನ ಒಟ್ಟಿಗೆ ಸೇರಿದರೆ ಇವರ ಮಾತು ಎಲ್ಲೆಲ್ಲೋ ಸುತ್ತಿ 1993, 1994ಕ್ಕೇ ಬಂದು ನಿಲ್ಲುತ್ತದೆ. ಯಾವ ಶನಿವಾರ ಯಾವ ಡಿಜೆ ಯಾವ ರೆಕಾರ್ಡಿನ ಮೇಲೆ ಯಾವುದನ್ನು ಬೆಸೆದ, ಜನ ಕೂಗಾಡಿ ಅದನ್ನು ಎಷ್ಟು ಸಲ ಮೊದಲಿಂದ ಹಾಕಿಸಿದರು ಎಂಬುದೆಲ್ಲ ಇವರಿಗೆ ಬಾಯಿಪಾಠ. ಇವರು ಹುಡುಕುವುದು ಅಂಗಡಿಯಲ್ಲಿ ಸಿಗುವ ಆಲ್ಬಮ್ಮುಗಳನ್ನಲ್ಲ. ಯಾರೋ ತಮ್ಮ ಮನೆಯ ರೇಡಿಯೋದಿಂದ ರೆಕಾರ್ಡ್ ಮಾಡಿಕೊಂಡು, ಮೇಲೆ ನೀಲಿ ಪೆನ್ನಿನಲ್ಲಿ ಅರ್ಧಂಬರ್ಧ ಬರೆದು, ಅಟ್ಟಕ್ಕೆ ಹಾಕಿ ಮರೆತ ತೊಂಬತ್ತು ನಿಮಿಷದ ಕ್ಯಾಸೆಟ್ಟುಗಳು ಇವರಿಗೆ ಬೇಕು. ನಾನೂ ಅದೇ ಗುಂಪಿನವನು. ಮೈಸೂರಿನಲ್ಲಿ ಮೃದಂಗ ಕಲಿತು, ಓದಲೆಂದು ಲಂಡನ್ನಿಗೆ ಬಂದು, ಬಾಡಿಗೆ ಕಮ್ಮಿಯೆಂದು ಹ್ಯಾಕ್ನಿಯಲ್ಲಿ ಕೋಣೆ ಹಿಡಿದೆ. ಆ ಕ್ಯಾಸೆಟ್ಟುಗಳಲ್ಲಿರುವ ಸಂಗೀತ ಹುಟ್ಟಿ ಬೆಳೆಯುತ್ತಿದ್ದದ್ದು ಅದೇ ಬೀದಿಗಳಲ್ಲಿ.

ಇದಕ್ಕೆ ಜಂಗಲ್ ಎಂದು ಹೆಸರು. ಸ್ವಲ್ಪ ಕಾಲದಲ್ಲೇ ಡ್ರಮ್ ಅಂಡ್ ಬೇಸ್ ಎಂದೂ ಕರೆದರು. ಮೇಲೆ ಡ್ರಮ್ಮು ನಿಮಿಷಕ್ಕೆ 160, 170 ಪೆಟ್ಟಿನ ವೇಗದಲ್ಲಿ ಓಡುತ್ತದೆ. ಕೆಳಗೆ ಬೇಸ್ ಅದರ ಅರ್ಧ ವೇಗದಲ್ಲಿ, ಎದೆಗೆ ತಾಗುವ ಹಾಗೆ ನಡೆಯುತ್ತದೆ. ಮೃದಂಗದ ಪಾಠದಲ್ಲಿ ಒಂದೇ ಜತಿಯನ್ನು ಒಂದನೇ ಕಾಲದಲ್ಲಿ ಒಮ್ಮೆ, ಎರಡನೇ ಕಾಲದಲ್ಲಿ ಒಮ್ಮೆ ಹೇಳಿಸುತ್ತಾರಲ್ಲ, ಇಲ್ಲಿ ಆ ಎರಡು ಕಾಲಗಳೂ ಏಕಕಾಲಕ್ಕೆ ಕೇಳುತ್ತವೆ. ಕುಣಿಯುವವರು ತಮಗೆ ಬೇಕಾದ್ದನ್ನು ಹಿಡಿಯಬಹುದು. ಹುಡುಗರು ಡ್ರಮ್ಮಿನ ಜೊತೆ ಹಾರುತ್ತಿದ್ದರೆ, ಪಕ್ಕದಲ್ಲೇ ಯಾರೋ ಕಣ್ಣು ಮುಚ್ಚಿ ಬೇಸಿನ ಜೊತೆ ನಿಧಾನವಾಗಿ ತೂಗುತ್ತಿರುತ್ತಾರೆ. ತಾಳ ಹಾಕಿ ಬೆಳೆದ ನನ್ನ ಕೈಗೆ ಇದು ಮೊದಲ ಸಲಕ್ಕೇ ಹಿಡಿಸಿತು.

ಆ ಡ್ರಮ್ಮಿನ ಬಹುಪಾಲು ಬಂದದ್ದು ಒಂದೇ ಕಡೆಯಿಂದ. 1969ರಲ್ಲಿ ಅಮೆರಿಕದ ದಿ ವಿನ್‌ಸ್ಟನ್ಸ್ ಎಂಬ ಬ್ಯಾಂಡು ‘ಕಲರ್ ಹಿಮ್ ಫಾದರ್’ ಎಂಬ ಹಾಡಿನ ರೆಕಾರ್ಡ್ ತಂದಿತು. ಅದರ ಹಿಂಬದಿಗೆ ‘ಅಮೆನ್, ಬ್ರದರ್’ ಎಂಬ ವಾದ್ಯದ ತುಣುಕು. ನಡುವೆ ಮಿಕ್ಕವರೆಲ್ಲ ನಿಲ್ಲಿಸುತ್ತಾರೆ, ಡ್ರಮ್ಮರ್ ಗ್ರೆಗರಿ ಕೋಲ್ಮನ್ ಒಬ್ಬನೇ ಆರೇಳು ಸೆಕೆಂಡು ನುಡಿಸುತ್ತಾನೆ. ನಾಲ್ಕು ಆವರ್ತ, ಅಷ್ಟೇ. ಮೊದಲೆರಡು ನೇರ. ಮೂರನೆಯದರಲ್ಲಿ ಒಂದು ಪೆಟ್ಟನ್ನು ತುಸು ತಡೆದು ಬಿಡುತ್ತಾನೆ. ನಾಲ್ಕನೆಯದರ ಮೊದಲ ಪೆಟ್ಟಿನ ಜಾಗವನ್ನೇ ಖಾಲಿ ಬಿಟ್ಟು, ಸಿಂಬಲ್ಲನ್ನು ನಿರೀಕ್ಷೆಗಿಂತ ಮುಂಚೆ ಹೊಡೆಯುತ್ತಾನೆ. ತಾಳ ಹಾಕುತ್ತ ಕೇಳಿದರೆ ಆ ಖಾಲಿ ಜಾಗದಲ್ಲಿ ಕೈ ಒಂದು ಕ್ಷಣ ಅಲ್ಲಾಡುತ್ತದೆ. ಜಂಗಲ್ ಹುಡುಗರು ಹಿಡಿದುಕೊಂಡದ್ದು ಅದನ್ನೇ.

ಹಿಡಿಯಲು ಅವರ ಬಳಿ ಇದ್ದದ್ದು ಅಕಾಯ್ ಕಂಪನಿಯ ಸ್ಯಾಂಪ್ಲರು ಮತ್ತು ಅಟಾರಿ ಕಂಪ್ಯೂಟರು. ಹಳೆಯ ರೆಕಾರ್ಡಿನಿಂದ ಸದ್ದಿನ ತುಣುಕೊಂದನ್ನು ಎತ್ತಿ ಕೀಬೋರ್ಡಿನ ಕೀಲಿಗಳಿಗೆ ಹಂಚುವ ಯಂತ್ರ ಸ್ಯಾಂಪ್ಲರು. 1988ರ ಎಸ್ 950 ಮಾದರಿಯಲ್ಲಿ ಮೆಮೊರಿ ಎಷ್ಟು ಹೆಚ್ಚಿಸಿದರೂ ಎರಡೂಕಾಲು ಮೆಗಾಬೈಟು. ಇಂದು ಮೊಬೈಲಿನ ಒಂದು ಫೋಟೋ ಅದಕ್ಕಿಂತ ದೊಡ್ಡದಿರುತ್ತದೆ. ಜಾಗ ಉಳಿಸಲು ರೆಕಾರ್ಡನ್ನು ಹೆಚ್ಚು ವೇಗದಲ್ಲಿ ತಿರುಗಿಸಿ ಎತ್ತಿಕೊಳ್ಳುತ್ತಿದ್ದರು, ಆಮೇಲೆ ಯಂತ್ರದೊಳಗೆ ನಿಧಾನಿಸುತ್ತಿದ್ದರು. ಕೋಲ್ಮನ್ನನ ಆರೇಳು ಸೆಕೆಂಡನ್ನು ಪೆಟ್ಟು ಪೆಟ್ಟಾಗಿ ಕತ್ತರಿಸಿ, ಒಂದೊಂದನ್ನೂ ಬೇರೆ ಬೇರೆ ಜಾಗದಲ್ಲಿ ಕೂರಿಸಿ, ಯಾವ ಮನುಷ್ಯನೂ ನುಡಿಸಲಾಗದ ಹೊಸ ಜತಿಗಳನ್ನು ಕಟ್ಟಿದರು. ವೇಗ ಏರಿಸಿದರೆ ಶ್ರುತಿಯೂ ಏರುತ್ತದೆ. ಶ್ರುತಿಯನ್ನು ಅಲ್ಲೇ ಇಟ್ಟು ಸದ್ದನ್ನು ಹಿಗ್ಗಿಸುವ ಸೌಲಭ್ಯ ಯಂತ್ರದಲ್ಲಿತ್ತು, ಆದರೆ ಹಾಗೆ ಹಿಗ್ಗಿಸಿದ ಧ್ವನಿ ಲೋಹ ಉಜ್ಜಿದ ಹಾಗೆ ಕರಕರ ಎನ್ನುತ್ತಿತ್ತು. ಆ ಕರಕರವನ್ನೂ ಅವರು ಬೇಕೆಂದೇ ಬಳಸಿದರು. ಈಗಲೂ ಹಳಬರು ಅದನ್ನು ಕೇಳಿದರೆ ನಗುತ್ತಾರೆ, ಕೆಲವರ ಕಣ್ಣು ತುಂಬುತ್ತದೆ.

ಬೇಸಿನ ವಂಶ ಬೇರೆ. ಅದು ಜಮೈಕಾದಿಂದ ಬಂದ ಕುಟುಂಬಗಳ ಸೌಂಡ್ ಸಿಸ್ಟಮ್ಮಿನದು. ಆಳೆತ್ತರದ ಸ್ಪೀಕರುಗಳು, ಮೈಕು ಹಿಡಿದು ಹಾಡಿನ ಮೇಲೆ ಮಾತು ಹೆಣೆಯುವ ಎಂಸಿ, ಚೆನ್ನಾಗಿದ್ದರೆ ಹಾಡನ್ನು ಅಲ್ಲೇ ನಿಲ್ಲಿಸಿ ಮೊದಲಿಂದ ಹಾಕುವ ರಿವೈಂಡು, ಇವೆಲ್ಲ ಲಂಡನ್ನಿನ ಕಪ್ಪು ಜನರ ಮನೆಯಂಗಳದಲ್ಲಿ ಎಷ್ಟೋ ಮೊದಲೇ ಇದ್ದವು. 1980ರ ದಶಕದ ಕೊನೆಗೆ ರೇವ್ ಕುಣಿತ ಬಂತು. ಹೆವೆನ್ ಎಂಬ ಕ್ಲಬ್ಬಿನಲ್ಲಿ ಗುರುವಾರ ರಾತ್ರಿಗಳಂದು ನಡೆಯುತ್ತಿದ್ದ ‘ರೇಜ್’ನಲ್ಲಿ ಫ್ಯಾಬಿಯೋ, ಗ್ರೂವ್‌ರೈಡರ್ ಎಂಬ ಇಬ್ಬರು ಡಿಜೆಗಳು ಟೆಕ್ನೋ ರೆಕಾರ್ಡುಗಳಿಗೆ ಈ ಒಡೆದ ಡ್ರಮ್ಮನ್ನು ಬೆರೆಸುತ್ತ, ವೇಗ ಏರಿಸುತ್ತ ಹೋದರು. ಕಪ್ಪು ಹುಡುಗರು, ಬಿಳಿ ಹುಡುಗರು, ನಮ್ಮ ಕಡೆಯ ಅಂಗಡಿಯವರ ಮಕ್ಕಳು ಒಂದೇ ನೆಲದ ಮೇಲೆ ಕುಣಿದರು. ಲಂಡನ್ನು ತಾನೇ ಹಡೆದ ಸಂಗೀತ ಇದು ಎಂದು ನಾನು ನಂಬುತ್ತೇನೆ.

ಆದರೆ ರೇಡಿಯೋದವರು ಇದನ್ನು ಹತ್ತಿರ ಸೇರಿಸಲಿಲ್ಲ. ಬಿಬಿಸಿಯ ರೇಡಿಯೋ 1 ‘ಒನ್ ಇನ್ ದ ಜಂಗಲ್’ ಕಾರ್ಯಕ್ರಮ ಶುರು ಮಾಡಿದ್ದು 1995ರಲ್ಲಿ. ಅಲ್ಲಿಯವರೆಗೆ ಇದನ್ನು ಮನೆಮನೆಗೆ ಮುಟ್ಟಿಸಿದ್ದು ಪರವಾನಗಿ ಇಲ್ಲದ ಕಳ್ಳ ರೇಡಿಯೋಗಳು. 1991ರಲ್ಲಿ ಹ್ಯಾಕ್ನಿಯಲ್ಲಿ ಶುರುವಾದ ಕೂಲ್ ಎಫ್‌ಎಂ ಅವುಗಳಲ್ಲಿ ದೊಡ್ಡದು, 94.5ರಲ್ಲಿ ಸಿಗುತ್ತಿತ್ತು. ಬಹುಮಹಡಿ ವಸತಿ ಕಟ್ಟಡದ ತಾರಸಿಯ ಮೇಲೆ ಟ್ರಾನ್ಸ್‌ಮಿಟರು, ಏರಿಯಲ್ಲು. ಸ್ಟುಡಿಯೋ ಬೇರೆಲ್ಲೋ ಒಂದು ಮನೆಯ ಮಲಗುವ ಕೋಣೆಯಲ್ಲಿ. ಅಧಿಕಾರಿಗಳು ಟ್ರಾನ್ಸ್‌ಮಿಟರನ್ನು ಕಿತ್ತೊಯ್ದರೂ ಹುಡುಗರು ಸಿಕ್ಕಿಬೀಳಬಾರದೆಂದು ಎರಡನ್ನೂ ದೂರ ಇಡುತ್ತಿದ್ದರು. ಭಾನುವಾರ ಮಧ್ಯಾಹ್ನ ನಾನು ಅನ್ನಕ್ಕಿಟ್ಟು ರೇಡಿಯೋದ ಗುಂಡಿ ತಿರುಗಿಸುತ್ತಿದ್ದೆ. ಕೆಲವು ವಾರ ಬರೀ ಗೊರಗೊರ. ಟ್ರಾನ್ಸ್‌ಮಿಟರ್ ಹೋಯಿತು ಎಂದು ಅದರ ಅರ್ಥ. ಮುಂದಿನ ವಾರ ಮತ್ತೆ ಬರುತ್ತಿತ್ತು. ಕೆಳಮನೆಯಲ್ಲಿ ಜಮೈಕಾ ಮೂಲದ ಕುಟುಂಬವಿತ್ತು. ಅವರ ಹುಡುಗ ಅದೇ ಸ್ಟೇಷನ್ನನ್ನು ರೆಕಾರ್ಡ್ ಮಾಡುವುದು ನೆಲದ ಮೂಲಕವೇ ನನಗೆ ಕೇಳಿಸುತ್ತಿತ್ತು. ನಾವು ಗೆಳೆಯರಾದದ್ದು ಹಾಗೆ. ಮೇಲೆ ಹೇಳಿದ ಎಲೆಕ್ಟ್ರಿಷಿಯನ್ ಅವನೇ.

ಡಿಜೆಗಳು ಹಾಕುತ್ತಿದ್ದ ಹಾಡುಗಳಲ್ಲಿ ಅರ್ಧಕ್ಕರ್ಧ ಇನ್ನೂ ಅಂಗಡಿಗೇ ಬಂದಿರುತ್ತಿರಲಿಲ್ಲ. ಹಾಡು ಕಟ್ಟಿದವನು ಅದನ್ನು ಟೇಪಿನಲ್ಲಿ ಉತ್ತರ ಲಂಡನ್ನಿನ ಮ್ಯೂಸಿಕ್ ಹೌಸಿಗೆ ಒಯ್ದು, ಸರದಿಯಲ್ಲಿ ನಿಂತು, ಡಬ್‌ಪ್ಲೇಟ್ ಕೊರೆಸುತ್ತಿದ್ದ. ಅಲ್ಯೂಮಿನಿಯಂ ತಟ್ಟೆಯ ಮೇಲೆ ಮೆದು ಲ್ಯಾಕರಿನ ಲೇಪ. ಮುಳ್ಳು ಹರಿದಾಡಿದ ಹಾಗೆಲ್ಲ ಅದು ಸವೆಯುತ್ತದೆ. ಹತ್ತಾರು ಸಲ ಹಾಕಿದರೆ ಮೇಲಿನ ಸ್ವರಗಳು ಮಂಕಾಗುತ್ತವೆ. ಇಡೀ ಊರಿನಲ್ಲಿ ಆ ಹಾಡು ಇಬ್ಬರು ಮೂವರು ಡಿಜೆಗಳ ಪೆಟ್ಟಿಗೆಯಲ್ಲಿ ಮಾತ್ರ. ಅದು ಬೇಕೆಂದರೆ ಅವರಿದ್ದಲ್ಲಿಗೆ ಹೋಗಬೇಕು, ಇಲ್ಲವೇ ರೇಡಿಯೋ ಮುಂದೆ ಬೆರಳನ್ನು ರೆಕಾರ್ಡ್ ಬಟನ್ನಿನ ಮೇಲಿಟ್ಟು ಕಾಯಬೇಕು. ಹೆಸರು ಗೊತ್ತಿಲ್ಲದ ಹಾಡೊಂದನ್ನು ತಿಂಗಳುಗಟ್ಟಲೆ ತಲೆಯಲ್ಲಿ ಹೊತ್ತು ತಿರುಗಿ, ಕೊನೆಗೆ ಸೋಹೋದ ರೆಕಾರ್ಡ್ ಅಂಗಡಿಯಲ್ಲಿ ಕೌಂಟರಿನವನ ಮುಂದೆ ಬಾಯಲ್ಲೇ ಡ್ರಮ್ಮು ನುಡಿಸಿ ತೋರಿಸಿದವರು ಈಗ ನಮ್ಮ ಗುಂಪಿನಲ್ಲಿ ಎಷ್ಟೋ ಜನ. ಹಂಬಲಕ್ಕೆ ದೊಡ್ಡ ಕಾರಣ ಇದೆಂದು ನನಗೆ ಅನ್ನಿಸುತ್ತದೆ. ಅಷ್ಟು ಕಾದು ಪಡೆದದ್ದನ್ನು ಮನುಷ್ಯ ಮರೆಯುವುದಿಲ್ಲ.

ಈ ಹಂಬಲವನ್ನು ವಯಸ್ಸಾದವರ ಹಳಹಳಿಕೆ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ರಾತ್ರಿಗಳನ್ನು ಸರ್ಕಾರಿ ದಫ್ತರವೂ ದೊಡ್ಡ ಕಂಪನಿಯೂ ಕಾಪಾಡಿಡಲಿಲ್ಲ. ಕಳ್ಳ ರೇಡಿಯೋ ತನ್ನ ಕಡತ ತಾನೇ ಇಡುತ್ತದೆಯೇ? ಉಳಿದಿರುವುದು ಅಭಿಮಾನಿಗಳು ಮನೆಯಲ್ಲಿ ಮಾಡಿಕೊಂಡ ಕ್ಯಾಸೆಟ್ಟು, ಮತ್ತು ದೊಡ್ಡ ರೇವ್‌ಗಳ ನಂತರ ಪ್ಲಾಸ್ಟಿಕ್ ಚೀಲದಲ್ಲಿ ಮಾರುತ್ತಿದ್ದ ಟೇಪುಗಳ ಕಟ್ಟು. ಹಂಬಲ ಇಲ್ಲದಿದ್ದರೆ ಅವೆಲ್ಲ ಎಂದೋ ಕಸಕ್ಕೆ ಹೋಗಿರುತ್ತಿದ್ದವು.

ಎಲೆಕ್ಟ್ರಿಷಿಯನ್ ಗೆಳೆಯನೂ ನಾನೂ ಈಗ ಅವನ್ನು ಕಂಪ್ಯೂಟರಿಗೆ ಇಳಿಸುತ್ತೇವೆ. ಮೊದಲು ಟೇಪ್ ಡೆಕ್ಕಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸುವುದು. ಆಮೇಲೆ ಸಣ್ಣ ಸ್ಕ್ರೂಡ್ರೈವರಿನಿಂದ ಹೆಡ್ಡಿನ ಓರೆಯನ್ನು ಆ ಕ್ಯಾಸೆಟ್ಟಿಗೆ ಹೊಂದಿಸುವುದು. ಸಿಂಬಲ್ಲು ಗಂಟು ಬಿಚ್ಚಿದ ಹಾಗೆ ತಟ್ಟನೆ ಸ್ಪಷ್ಟವಾದರೆ ಸರಿಯಾಯಿತು. ಹೆಚ್ಚಿನವಕ್ಕೆ ತಾರೀಖಿಲ್ಲ. ಆಗ ನಮಗೆ ನೆರವಾಗುವುದು ಜಾಹೀರಾತುಗಳು. ಸ್ಟೇಷನ್ನಿನವರು, ಮುಂದಿನ ವಾರದ ಕುಣಿತದ ಸಂಘಟಕರು ಫೋನ್ ನಂಬರು ಹೇಳುತ್ತಾರೆ. ಲಂಡನ್ನಿನ ಕೋಡು 1990ರ ಮೇ ತಿಂಗಳಲ್ಲಿ 071, 081 ಆಯಿತು. 1995ರ ಏಪ್ರಿಲ್‌ನಲ್ಲಿ ಅದೇ 0171, 0181 ಆಯಿತು. ಎಂಸಿ 081 ಅಂದರೆ ಅದು 1995ರ ವಸಂತಕ್ಕಿಂತ ಹಿಂದಿನದು. ಜೊತೆಗೆ ಎಂಸಿ ಹೆಸರು ಹಿಡಿದು ನಮಸ್ಕಾರ ಹೇಳುವ ಬಡಾವಣೆಗಳು, ಹೊಸದೆಂದು ಪರಿಚಯಿಸುವ ಹಾಡುಗಳು. ಇವೆಲ್ಲ ಸೇರಿ ತಿಂಗಳನ್ನೂ ಗುರುತಿಸಬಹುದು. ಸಂಗೀತ ಮಾತ್ರ ಉಳಿಸಿಕೊಂಡು ಜಾಹೀರಾತು ಕತ್ತರಿಸಿ ಎಂದು ಕೆಲವರು ಕೇಳುತ್ತಾರೆ. ನಾವು ಕತ್ತರಿಸುವುದಿಲ್ಲ.

ಗೆಳೆಯರೊಡನೆ ನನಗೆ ಒಪ್ಪಿಗೆಯಾಗದ ಮಾತುಗಳೂ ಇವೆ. ‘1996ಕ್ಕೇ ಎಲ್ಲ ಮುಗಿಯಿತು’ ಎನ್ನುವವರು ಪ್ರತಿ ಕೂಟದಲ್ಲೂ ಇರುತ್ತಾರೆ. 1997ರಲ್ಲಿ ಬ್ರಿಸ್ಟಲ್‌ನ ರೋನಿ ಸೈಜ್ ಮತ್ತು ರೆಪ್ರಜೆಂಟ್ ತಂಡದ ‘ನ್ಯೂ ಫಾರ್ಮ್ಸ್’ ಆಲ್ಬಮ್ಮು ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಗೆದ್ದಿತು. ಅದನ್ನು ಮುಗಿದ ಕಾಲದ ಕೆಲಸ ಎಂದು ಹೇಗೆ ಹೇಳುವುದು? ಹಾಕ್ಸ್‌ಟನ್ ಚೌಕದ ಬ್ಲೂ ನೋಟ್ ಕ್ಲಬ್ಬಿನಲ್ಲಿ ಭಾನುವಾರ, ಜಂಗಲ್ ಹಾಡು ಕಟ್ಟುವ ಗೋಲ್ಡಿಯ ಮೆಟಲ್‌ಹೆಡ್ಸ್ ಕೂಟ ನಡೆದರೆ, ಸೋಮವಾರ ಅದೇ ಜಾಗದಲ್ಲಿ ತಬಲಾ ಕಲಿತ ತಾಲ್ವಿನ್ ಸಿಂಗ್ ‘ಅನೋಖಾ’ ನಡೆಸುತ್ತಿದ್ದ. ತಬಲಾದ ಬೋಲು ಮತ್ತು ಈ ಡ್ರಮ್ಮು ಎದುರುಬದುರು ನಿಲ್ಲುತ್ತಿದ್ದವು. ನನ್ನಂಥವನಿಗೆ ಅದು ದೊಡ್ಡ ಬಾಗಿಲು. ಅವನ ‘ಓಕೆ’ ಆಲ್ಬಮ್ಮಿಗೆ 1999ರಲ್ಲಿ ಅದೇ ಮರ್ಕ್ಯುರಿ ಬಂತು. ಹಳಬರ ಕಥೆಗಳಲ್ಲಿ ಈ ಸೋಮವಾರಗಳು ಅಷ್ಟಾಗಿ ಬರುವುದಿಲ್ಲ.

ಹೆಂಗಸರೂ ಬರುವುದಿಲ್ಲ. ಕೆಮಿಸ್ಟ್ರಿ ಮತ್ತು ಸ್ಟಾರ್ಮ್ ಎಂಬ ಇಬ್ಬರು ಗೆಳತಿಯರು ಗೋಲ್ಡಿಯನ್ನು ‘ರೇಜ್’ಗೆ ಕರೆದೊಯ್ದು ಈ ಸಂಗೀತದ ರುಚಿ ಹತ್ತಿಸಿದರು. 1994ರಲ್ಲಿ ಮೆಟಲ್‌ಹೆಡ್ಸ್ ರೆಕಾರ್ಡ್ ಲೇಬಲ್ ಕಟ್ಟುವಾಗ ಅವನ ಜೊತೆಗಿದ್ದರು. ಇಬ್ಬರೂ ಅಪ್ಪಟ ಡಿಜೆಗಳು. 1999ರ ಏಪ್ರಿಲ್‌ನಲ್ಲಿ ಕಾರ್ಯಕ್ರಮ ಮುಗಿಸಿ ಕಾರಿನಲ್ಲಿ ಮರಳುವಾಗ, ರಸ್ತೆಯಲ್ಲಿ ಕೂರಿಸಿದ್ದ ಪ್ರತಿಫಲಕದ ಲೋಹದ ಕವಚ ಎದ್ದು ಗಾಜು ಒಡೆದು ಬಂದು ಕೆಮಿಸ್ಟ್ರಿ ತೀರಿಕೊಂಡಳು. ಅವಳ ಹೆಸರಿಲ್ಲದೆ ಹೇಳುವ ಮೆಟಲ್‌ಹೆಡ್ಸ್ ಕಥೆ ಅರ್ಧ ಕಥೆ.

ಎಲ್ಲಕ್ಕಿಂತ ಭಾರವಾದದ್ದು ಕೋಲ್ಮನ್ನನ ಋಣ. ಸಾವಿರಾರು ಹಾಡುಗಳ ಬೆನ್ನೆಲುಬಾದ ಆ ಆರೇಳು ಸೆಕೆಂಡಿಗೆ ಅವನಿಗೆ ಬಿಡಿಗಾಸೂ ಬರಲಿಲ್ಲ. 2006ರಲ್ಲಿ ಅಟ್ಲಾಂಟಾದಲ್ಲಿ, ಮನೆಯಿಲ್ಲದೆ ಸತ್ತ. ಬ್ಯಾಂಡಿನ ನಾಯಕ, ಹಕ್ಕುದಾರ ರಿಚರ್ಡ್ ಸ್ಪೆನ್ಸರನಿಗೆ ತನ್ನ ರೆಕಾರ್ಡನ್ನು ಹೀಗೆ ಬಳಸುತ್ತಿದ್ದಾರೆಂದು ತಿಳಿದದ್ದೇ 1996ರಲ್ಲಿ. ಅಷ್ಟರಲ್ಲಿ ಕಾನೂನಿನ ಅವಧಿ ಮೀರಿತ್ತು. 2015ರಲ್ಲಿ ಇಬ್ಬರು ಬ್ರಿಟಿಷ್ ಡಿಜೆಗಳು ಚಂದಾ ಎತ್ತಿದರು. ಈ ಸಂಗೀತ ಕೇಳಿ ಬೆಳೆದವರೆಲ್ಲ ಕೈಲಾದದ್ದು ಹಾಕಿ 24,000 ಪೌಂಡು ಸೇರಿಸಿ ಸ್ಪೆನ್ಸರನಿಗೆ ಕೊಟ್ಟರು. ಹಳೆಯ ಅಭಿಮಾನ ಮಾಡಿದ ಅತ್ಯಂತ ಒಳ್ಳೆಯ ಕೆಲಸ ಅದು. ಕೋಲ್ಮನ್ನನಿಗೆ ಅದು ತಡವಾಯಿತು.

ಈಗ ಹೊಸಬರು ಬಂದಿದ್ದಾರೆ. 1999ರಲ್ಲಿ ಹುಟ್ಟಿದ ನಿಯಾ ಆರ್ಕೈವ್ಸ್ ಎಂಬ ಹುಡುಗಿ ಅದೇ ಒಡೆದ ಡ್ರಮ್ಮಿನ ಮೇಲೆ ತಾನೇ ಹಾಡುತ್ತಾಳೆ. ಕಪ್ಪು ಸಂಗೀತಕ್ಕಾಗಿಯೇ ಇರುವ ಮೋಬೋ ಪ್ರಶಸ್ತಿಯಲ್ಲಿ ಎಲೆಕ್ಟ್ರಾನಿಕ್ ಸಂಗೀತಕ್ಕೆ ಜಾಗವೇ ಇಲ್ಲವಲ್ಲ ಎಂದು ಬಹಿರಂಗ ಪತ್ರ ಬರೆದಳು. 2022ರಲ್ಲಿ ಅದಕ್ಕೊಂದು ವಿಭಾಗ ಬಂತು, ಆ ವಿಭಾಗದ ಮೊದಲ ಪ್ರಶಸ್ತಿ ಅವಳಿಗೇ ಸಿಕ್ಕಿತು. ಅವಳ ಕಾರ್ಯಕ್ರಮಕ್ಕೆ ಹೋದರೆ ಇಪ್ಪತ್ತರ ಹುಡುಗಿಯರೇ ಮುಂದಿನ ಸಾಲಿನಲ್ಲಿ. ನಮ್ಮ ಕಾಲದಲ್ಲಿ ಆ ಸಾಲು ಹೀಗಿರಲಿಲ್ಲ, ಇದು ಚೆನ್ನಾಗಿದೆ ಎಂದು ಗೆಳೆಯ ನನ್ನ ಕಿವಿಯಲ್ಲಿ ಕೂಗಿದ.

ಅವನ ಮಗಳೂ ಮನೆಯಲ್ಲಿ ಲ್ಯಾಪ್‌ಟಾಪಿನ ಮೇಲೆ ಹಾಡು ಕಟ್ಟುತ್ತಾಳೆ. ನಾವು ಇಳಿಸುತ್ತಿದ್ದ 081ರ ಕಾಲದ ಟೇಪೊಂದನ್ನು ಕೇಳಿ, ಮೈಕಿನಲ್ಲಿರುವುದು ಯಾರು ಎಂದಳು. ನನಗೂ ಗೊತ್ತಿರಲಿಲ್ಲ, ಅವಳಪ್ಪನಿಗೂ ಗೊತ್ತಿರಲಿಲ್ಲ. ಅವನು ಬಸ್ಸು ಓಡಿಸುವವನಿಗೆ ಫೋನ್ ಮಾಡಿ, ಫೋನನ್ನೇ ಸ್ಪೀಕರಿನ ಎದುರು ಹಿಡಿದ. ಎರಡು ಸಾಲು ಕೇಳುವಷ್ಟರಲ್ಲಿ ಆ ಕಡೆಯವನು ಎಂಸಿಯ ಹೆಸರನ್ನೂ ಜೊತೆಗಿದ್ದ ಡಿಜೆಯ ಹೆಸರನ್ನೂ ಹೇಳಿದ. ಎರಡನ್ನೂ ಫೈಲಿಗೆ ಸೇರಿಸಿದ್ದೇವೆ. ಹೆಸರು ಗೊತ್ತಾಗದ ಟೇಪುಗಳನ್ನು ಬೇರೆ ಡಬ್ಬಿಗೆ ಹಾಕಿದ್ದೇವೆ, ಮುಂದಿನ ಕೂಟಕ್ಕೆ ಅದನ್ನೇ ಒಯ್ಯುತ್ತೇವೆ.